ಮೊಣಕಾಲಿಗೆ ಟಾರ್ಚು

ಶಿವಮೊಗ್ಗದ ಖಾಸಗಿ ಬಸ್‌ಸ್ಟ್ಯಾಂಡಿನ ಹಿಂದೆ
ಟಯರು ರೀಟ್ರೆಡಿಂಗ್ ಅಂಗಡಿಯ ಮಹಡಿಯಲ್ಲಿ
ಕಾದ ರಬ್ಬರಿನ ವಾಸನೆ ಕುಡಿಯುತ್ತ
ಬಸ್ಸುಗಳ ವೇಳಾಪಟ್ಟಿ ಕಟ್ಟಿದೆ.
ತೀರ್ಥಹಳ್ಳಿ, ಕೊಪ್ಪ, ಕಮ್ಮರಡಿ, ಹೊಸನಗರ, ಸಾಗರ,
ಎಲ್ಲ ಒಂದೇ ಪುಟದಲ್ಲಿ.
ಊರು ಒತ್ತಿದರೆ ಊರು ಬರುತ್ತದೆ
ಪುಟ ಮಾತ್ರ ಕದಲುವುದಿಲ್ಲ,
ನಿಂತಲ್ಲೇ ನಿಂತು ವೇಷ ಬದಲಿಸುತ್ತದೆ.

ಏಜೆಂಟ್ ಮಂಜೋಜಿ ರಾಯರು ಮೆಟ್ಟಿಲೇರಿ ಬಂದರು,
ಇಪ್ಪತ್ತಾರು ವರ್ಷ ಲೈನ್ ಚೆಕಿಂಗ್ ಮಾಡಿದ ಮನುಷ್ಯ.
"ಎಷ್ಟು ಜನ ನೋಡ್ತಾರೆ ಇದನ್ನ, ಜಬೀನಾ?
ತಲೆ ಎಣಿಸದೆ ಬಸ್ಸು ಬಿಡೋಕಾಗುತ್ತಾ?"

ಎಣಿಸುವ ತುಣುಕೊಂದನ್ನು ತಂದು
ಪುಟದ ನೆತ್ತಿಗೆ ಅಂಟಿಸಿದೆ.
ವಾರ ಕಳೆದು ತೆರೆದರೆ
ಎಲ್ಲರೂ ಬಂದಿದ್ದಾರೆ, ಯಾರೂ ಎಲ್ಲಿಗೂ ಹೋಗಿಲ್ಲ.
ಕೊಪ್ಪಕ್ಕೆ ಸೊನ್ನೆ. ಸಾಗರಕ್ಕೆ ಸೊನ್ನೆ.
ರಾಯರು ಕನ್ನಡಕ ಹಣೆಗೇರಿಸಿದರು:
"ಬಾಗಿಲಲ್ಲಿ ಟಿಕೆಟ್ ಹರಿದು
ನಿದ್ದೆ ಹೊಡೀತಿದಾನಲ್ಲಮ್ಮ ನಿನ್ನ ಕಂಡಕ್ಟರು!"

ಅದೇ ಆಗಿತ್ತು.
ಪುಟ ಮತ್ತೆ ಹುಟ್ಟಿದರಷ್ಟೇ ಅವನಿಗೆ ಎಚ್ಚರ,
ನನ್ನ ಪುಟ ಹುಟ್ಟುವುದು ಒಂದೇ ಸಲ.
ದಾರಿ ಬದಲಾದಾಗೆಲ್ಲ ಅವನ ಭುಜ ತಟ್ಟುವ
ಸಾಲೊಂದು ಬರೆದೆ.
ಮರುದಿನ ಜನವೆಲ್ಲ ಇಮ್ಮಡಿ:
ಹತ್ತುವಾಗ ಒಮ್ಮೆ ಬರೆದುಕೊಂಡವನು
ಕೂತ ಮೇಲೂ ಒಮ್ಮೆ ಬರೆದಿದ್ದ.
ತಿದ್ದಿದೆ. ಆಮೇಲೆ ಹೆಸರುಗಳು ಅದಲುಬದಲು.
ಬೋರ್ಡು ತಿರುಗಿಸುವ ಮೊದಲೇ ಬರೆಯುವ ಆತುರಗಾರ,
ಹೊಸನಗರದವರನ್ನೆಲ್ಲ ಸಾಗರದ ಲೆಕ್ಕಕ್ಕೆ ಹಾಕಿದ್ದ.
ಅರೆಗಳಿಗೆ ತಡೆ ಅಂದೆ. ತಡೆದ.

ಇಷ್ಟಾದ ಮೇಲೆ ಗೊತ್ತಾಯಿತು,
ದಿನಕ್ಕೆ ಮುನ್ನೂರು ಸಲ ಓಡಾಡುವ
ಆ ನಿಷ್ಠಾವಂತ ಪ್ರಯಾಣಿಕಳು ನಾನೇ.
ತಿದ್ದಿ ನೋಡು, ತಿದ್ದಿ ನೋಡು.
ನನ್ನನ್ನು ನಾನು ಕಳೆದುಕೊಂಡೆ.
ಉಳಿದದ್ದು ನಲವತ್ತೊಂದು.
ಹೇಳಲು ನಾಲಿಗೆ ಏಳಲಿಲ್ಲ.
ರಾಯರು ಮಾತ್ರ ತೊಡೆ ತಟ್ಟಿದರು:
"ನಲವತ್ತೊಂದಾ? ಫುಲ್ ಬಸ್ಸು ಕಣೇ!"

ತುಣುಕು ಇನ್ನೂ ಏನೇನೋ ಕೊಡುತ್ತೇನೆನ್ನುತ್ತಿತ್ತು:
ಯಾವ ಊರು, ಯಾವ ಫೋನು,
ಬೆರಳು ಎಲ್ಲಿ ತಡವರಿಸಿತು, ಹೋದವರು ಮತ್ತೆ ಬಂದರೆ.
ಬೇಕೇ ಎಂದೆ.
ರಾಯರು ಬಹಳ ಹೊತ್ತು ಸುಮ್ಮನಿದ್ದರು.
ಕೆಳಗೆ ಯಾರೋ ಟಯರು ಉರುಳಿಸಿದರು.
"ಮಂಡಗದ್ದೆ ಹತ್ರ ರಾತ್ರಿ ಬಸ್ಸು ಹತ್ತುತಿದ್ದೆ.
ಟಾರ್ಚು ಮೊಣಕಾಲಿಗೆ ಬಿಡೋದು, ಮುಖಕ್ಕಲ್ಲ.
ಎರಡು ಮೊಣಕಾಲಿಗೆ ಒಂದು ಟಿಕೆಟ್, ಲೆಕ್ಕ ಪಕ್ಕಾ.
ಮುಖಕ್ಕೆ ಬಿಟ್ಟರೆ ನಿದ್ದೆಯಲ್ಲಿರೋ ಮಗು ಚೀರುತ್ತೆ,
ಮನೆ ಬಿಟ್ಟು ಹೊರಟೋಳು ಸೆರಗೆಳ್ಕೊತಾಳೆ.
ನನಗೆ ಬೇಕಿದ್ದು ಟಿಕೆಟ್ಟು ತಾನೆ?"

ಒಂದೊಂದೇ ಗುಂಡಿ ಆರಿಸಿದೆ.
ಊರು ಹೋಯಿತು, ಫೋನು ಹೋಯಿತು,
ಉಳಿದದ್ದು ಹೊತ್ತು ಮತ್ತು ಮೊಣಕಾಲು.

ಹಾಗಿದ್ದೂ ಒಂದು ಕಣ್ಣಿಗೆ ಬೀಳುತ್ತಿತ್ತು.
ಯಾವ ಬಸ್ಸೂ ಇಲ್ಲದ ರಾತ್ರಿ ಎರಡೂ ಇಪ್ಪತ್ತಕ್ಕೆ
ಕಮ್ಮರಡಿಗೆ ಒಂದು.
ಮರುದಿನವೂ ಅದೇ ಹೊತ್ತು. ಒಂದು.
ಒಬ್ಬರೋ, ದಿನಕ್ಕೊಬ್ಬರೋ,
ಹೇಳುವ ಗುಂಡಿಯನ್ನು ನಾನೇ ಆರಿಸಿದ್ದೆ.
ಮತ್ತೆ ಒತ್ತಿದರೆ ಒಂದು ನಿಮಿಷದ ಕೆಲಸ.
ಬೆರಳು ಅಲ್ಲಿತನಕ ಹೋಗಿತ್ತು, ಸುಳ್ಳೇಕೆ.

"ಹೋಗೋರು ಬೆಳಿಗ್ಗೆ ಬಂದು ಕೇಳ್ತಾರೆ," ಅಂದರು ರಾಯರು,
"ಹೋಗಲೋ ಬೇಡವೋ ಅನ್ನೋರು
ರಾತ್ರಿಯೇ ನೋಡ್ತಾರೆ."

ಕಮ್ಮರಡಿಯ ಪಟ್ಟಿಯ ಅಡಿಗೆ
ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿಸಿದೆ:
ಮೊದಲ ಬಸ್ಸು ಐದೂ ನಲವತ್ತಕ್ಕೆ. ಸೀಟು ಇರುತ್ತದೆ.

ಆ ರಾತ್ರಿಯೂ ಎರಡೂ ಇಪ್ಪತ್ತಕ್ಕೆ ಒಂದು.
ಬೆಳಗಿನ ಟ್ರಿಪ್ ಶೀಟು ರಾಯರ ಜೇಬಿನಲ್ಲಿತ್ತು,
ನಾಲ್ಕು ಮಡಿಕೆಯಾಗಿ.
ನಾನು ಕೇಳಲಿಲ್ಲ. ಅವರು ತೆಗೆಯಲಿಲ್ಲ.
ಕೆಳಗೆ ಸವೆದ ಟಯರಿಗೆ ಹೊಸ ಅಚ್ಚು ಕೂರುತ್ತಿತ್ತು,
ಚಹಾ ಬಂತು,
ಇಬ್ಬರಿಗೂ ಒಂದೊಂದು ಲೋಟ.